ಶೀಟಿನ ಎದುರು ತುದಿ ಹಿಡಿದವರ ಬಗ್ಗೆ

ನೌಕರರ ದೂರುಗಳ ವಿಚಾರಣಾಧಿಕಾರಿಗಳಿಗೆ,

ಮಾನ್ಯರೇ,

ಈಗ ಸಂಜೆ ಆರು ಗಂಟೆ. ಇವತ್ತು ನನ್ನ ವಾರದ ರಜೆ. ಬೆಳಿಗ್ಗೆ ಮನೆಯ ಬಟ್ಟೆ ಒಗೆದು ಹಾಕಿದೆ. ಮಧ್ಯಾಹ್ನ ಬಸ್ಸು ಹಿಡಿದು ಒಬ್ಬ ಹೆಣ್ಣುಮಗಳ ಮನೆಗೆ ಹೋಗಿ ಅವಳನ್ನು ಹೆದರಿಸಿ ಬಂದೆ. ಹೆದರಿಸಬೇಕೆಂದು ಹೋಗಿರಲಿಲ್ಲ, ನೀವು ಹೇಳಿದ ಕೆಲಸ ಮಾಡಲು ಹೋಗಿದ್ದೆ. ದಿನದ ಕೊನೆಗೆ ಅವತ್ತು ನಡೆದದ್ದನ್ನು ಡೈರಿಯಲ್ಲಿ ನಾಲ್ಕು ಸಾಲು ಬರೆದಿಡುವ ಅಭ್ಯಾಸ ನನಗಿದೆ. ಇವತ್ತಿನದನ್ನು ಅಲ್ಲಿ ಬರೆದು ಮುಚ್ಚಿಡಲು ಮನಸ್ಸು ಬರಲಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ, ಎಲ್ಲರೂ ಓದುವ ಹಾಗೆ.

ನನ್ನ ಅಳಲು ಇಷ್ಟು. ಕೆಲಸದ ಜಾಗದಲ್ಲಿ ತಪ್ಪು ಕಂಡರೆ ತಿಳಿಸಿ, ತಿಳಿಸಿದವರ ಮೇಲೆ ಯಾರೂ ಸೇಡು ತೀರಿಸಿಕೊಳ್ಳದಂತೆ ಕಾನೂನು ಕಾಯುತ್ತದೆ ಎಂದು ನಿಮ್ಮ ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದೀರಿ. ನಾನು ತಿಳಿಸಿದೆ. ನಮ್ಮ ಲಾಂಡ್ರಿಯ ಮೇಲಿನವರು ಸೇಡು ತೀರಿಸಿಕೊಂಡರು. ಈಗ ನೀವು ಹೇಳುತ್ತಿರುವುದೇನೆಂದರೆ, ಇದು ನಿಜವಾದರೆ ಜೊತೆಯಲ್ಲಿ ಕೆಲಸ ಮಾಡುವ ಒಬ್ಬರನ್ನಾದರೂ ನಾಳೆ ಸಾಕ್ಷಿಗೆ ಕರೆತನ್ನಿ, ಇಲ್ಲವಾದರೆ ದೂರನ್ನು ಮುಕ್ತಾಯಗೊಳಿಸಲಾಗುವುದು. ಸಾಕ್ಷಿ ಹೇಳಿದವರನ್ನು ಯಾರು ಕಾಯುತ್ತಾರೆ ಎಂದು ಕೇಳಿದ್ದಕ್ಕೆ, ತೊಂದರೆಯಾದರೆ ಅವರೂ ದೂರು ಕೊಡಬಹುದು ಎಂದಿರಿ. ಅವರು ದೂರು ಕೊಟ್ಟಾಗ ಅವರಿಗೂ ಒಬ್ಬ ಸಾಕ್ಷಿ ಬೇಕು. ಆ ಸಾಕ್ಷಿಗೆ ಇನ್ನೊಬ್ಬ. ಹೀಗೇ ಹೋದರೆ ನಮ್ಮ ಲಾಂಡ್ರಿಯವರೆಲ್ಲ ಒಬ್ಬರ ಪಕ್ಕ ಒಬ್ಬರು ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತಿರುತ್ತೇವೆ. ಆಸ್ಪತ್ರೆಯ ಹಾಸಿಗೆಗಳಿಗೆ ಶೀಟು ಒಗೆದು ಕೊಡಲು ನೀವೇ ಬರಬೇಕಾದೀತು.

ನಾನು ಹೆಚ್ಚು ಓದಿದವನಲ್ಲ. ಕಾನೂನಿನ ಪುಸ್ತಕ ನೋಡಿದವನಲ್ಲ. ಆದರೆ ಬಟ್ಟೆ ಮಡಿಸುವುದು ಹೇಗೆಂದು ಹೇಳದೆ ನನ್ನ ದೂರು ನಿಮಗೆ ಅರ್ಥವಾಗುವುದಿಲ್ಲ. ಹೋದ ಸಲ ಅದನ್ನು ಹೇಳಲು ಬಾಯಿ ತೆರೆದಾಗ ನೀವು ಕೈಗಡಿಯಾರ ನೋಡಿಕೊಂಡಿರಿ. ಇಲ್ಲಿ ಹೇಳುತ್ತೇನೆ.

ನಾನು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮಡಿಸುವ ಮೇಜಿನ ಕೆಲಸದವನು. ಒಣಗಿಸುವ ಯಂತ್ರದಿಂದ ಶೀಟುಗಳು ಬಿಸಿಬಿಸಿಯಾಗಿ ಬಂದು ಮೇಜಿನ ಮೇಲೆ ಬೀಳುತ್ತವೆ. ಒಬ್ಬರು ಎರಡು ಮೂಲೆ ಹಿಡಿದು ಎತ್ತುತ್ತಾರೆ, ಎದುರಿನವರು ಇನ್ನೆರಡು ಮೂಲೆ ಹಿಡಿಯುತ್ತಾರೆ. ಒಮ್ಮೆ ಕೊಡವಿ, ಉದ್ದಕ್ಕೆ ಮಡಿಸಿ, ಇಬ್ಬರೂ ಹತ್ತಿರ ಬಂದು ಒಬ್ಬರ ಮೂಲೆಯನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಶೀಟು ನೆಲ ಮುಟ್ಟಬಾರದು. ಮುಟ್ಟಿದರೆ ಅದು ಮತ್ತೆ ಕೊಳೆ, ಮತ್ತೆ ಒಗೆಯಲು ಹೋಗಬೇಕು, ತಪ್ಪು ಮಡಿಸಿದವನ ಹೆಸರಿಗೆ. ರೋಗಿ ಮಲಗುವ ಬಟ್ಟೆ, ಆ ನಿಯಮ ಸರಿಯಾದದ್ದೇ. ಒಬ್ಬನೇ ಎಷ್ಟು ಎತ್ತರಕ್ಕೆ ಕೈ ಎತ್ತಿದರೂ ಆ ಉದ್ದದ ಶೀಟು ನೆಲ ಮುಟ್ಟಿಯೇ ಮುಟ್ಟುತ್ತದೆ.

ಯಾರ ಎದುರು ಯಾರು ನಿಲ್ಲಬೇಕೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಪಾಳಿ ಶುರುವಾದಾಗ ಒಬ್ಬರು ಶೀಟು ಎತ್ತುತ್ತಾರೆ, ಹತ್ತಿರ ಇದ್ದವರು ಎದುರು ತುದಿ ಹಿಡಿಯುತ್ತಾರೆ. ಅವತ್ತಿಗೆ ಅದೇ ಜೋಡಿ. ಲಾಂಡ್ರಿ ಶುರುವಾದಾಗಿನಿಂದ ನಡೆದು ಬಂದ ರೀತಿ ಇದು. ನನ್ನ ಎದುರು ಬಹಳ ವರ್ಷ ನನ್ನ ಹೆಂಡತಿ ನಿಂತಿದ್ದಳು. ಮನೆಯಲ್ಲಿ ಜಗಳವಾಡಿ ಬಂದ ದಿನವೂ ಅವಳೇ ಬಂದು ತುದಿ ಹಿಡಿಯುತ್ತಿದ್ದಳು, ಮುಖ ಮಾತ್ರ ಬೇರೆ ಕಡೆ. ಮೂಲೆ ಕೊಡುವಾಗ ಬೇಕೆಂದೇ ಜೋರಾಗಿ ಎಳೆಯುತ್ತಿದ್ದಳು. ಅವಳು ತೀರಿಕೊಂಡು ಎರಡನೆಯ ವರ್ಷ ನಡೆಯುತ್ತಿದೆ.

ಅವಳ ಕಾರ್ಯ ಮುಗಿಸಿ ನಾನು ಕೆಲಸಕ್ಕೆ ಮರಳಿದ ಮೊದಲ ದಿನ ಶೀಟು ಎತ್ತಿ ಸುಮ್ಮನೆ ನಿಂತುಬಿಟ್ಟಿದ್ದೆ. ನಾವೆಲ್ಲ ‘ಗಡಿಯಾರ’ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ, ಒಂದು ನಿಮಿಷ ಹಿಂದೆ ಮುಂದೆ ಆಗದವರು. ಅವರು ಬಂದು ತುದಿ ಹಿಡಿದರು. ಮರುದಿನ ಬೇರೊಬ್ಬರು. ಅದರ ಮರುದಿನ ಇನ್ನೊಬ್ಬರು. ಯಾರೂ ಸಮಾಧಾನದ ಮಾತು ಹೇಳಲಿಲ್ಲ. ಆದರೆ ನಾನು ಶೀಟು ಎತ್ತಿದ ಮೇಲೆ ಎದುರು ತುದಿ ಜೋತುಬಿದ್ದದ್ದು ಒಂದು ದಿನವೂ ಇಲ್ಲ. ಆಮೇಲೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಎದುರು ನಿಲ್ಲತೊಡಗಿದಳು. ಅವಳನ್ನು ಇಲ್ಲಿ ಗುಬ್ಬಿ ಎನ್ನುತ್ತೇನೆ. ಅಲ್ಲಿ ಯಾರೂ ಅವಳನ್ನು ಹಾಗೆ ಕರೆಯುವುದಿಲ್ಲ. ಮದುವೆಯಾಗಿ ಒಂದು ಮಗುವಿದೆ, ಕೆಲಸ ಇನ್ನೂ ತಾತ್ಕಾಲಿಕ. ಬಾಯಿಗೆ ಬಿಡುವಿಲ್ಲ. ‘ಅಣ್ಣ, ನೀವು ದಿನಕ್ಕೆ ಆರು ಮಾತು ಆಡ್ತೀರಾ. ಅದ್ರಲ್ಲಿ ನಾಲ್ಕು ಹೂಂ’ ಎಂದು ರೇಗಿಸುತ್ತಿದ್ದಳು.

ಒಂದು ದಿನ ಮಡಿಸುವಾಗ ಅವಳು ಕೈ ಕೊಡವಿಕೊಂಡಳು. ಶೀಟಿನ ಅಂಚಿನಲ್ಲಿ ಇಂಜೆಕ್ಷನ್ ಸೂಜಿ ಸಿಕ್ಕಿಕೊಂಡಿತ್ತು. ವಾರ್ಡಿನಲ್ಲಿ ಅದನ್ನು ಬೇರೆ ಡಬ್ಬಿಗೆ ಹಾಕಬೇಕು. ಆತುರದಲ್ಲಿ ಶೀಟಿನಲ್ಲೇ ಸುತ್ತಿ ಎಸೆಯುತ್ತಾರೆ. ಕೊಳೆ ಬಟ್ಟೆ ಬೇರ್ಪಡಿಸುವ ಕೋಣೆಯಲ್ಲಿ ನೋಡಿ ತೆಗೆಯಬೇಕಾದವರನ್ನು ಅರ್ಧಕ್ಕರ್ಧ ಕಡಿಮೆ ಮಾಡಿದ್ದಾರೆ. ಅವಳ ಹೆಬ್ಬೆರಳಿನ ಕೆಳಗೆ ರಕ್ತ ಬಂತು. ಮೇಸ್ತ್ರಿ ಓಡಿ ಬಂದರು. ‘ಸೋಪ್ ಹಾಕಿ ತೊಳ್ಕೋ, ಏನಾಗಲ್ಲ. ಬರೆಸಿದ್ರೆ ರಕ್ತ ಪರೀಕ್ಷೆ ಅಂತಾರೆ, ವಿಚಾರಣೆ ಅಂತಾರೆ. ನಿನ್ನ ಕೆಲಸ ಖಾಯಂ ಆಗೋ ಹೊತ್ತು, ಸುಮ್ಮನಿರು’ ಎಂದರು. ಅವಳು ಸುಮ್ಮನಾದಳು. ಗೊಣಗುತ್ತಾ ಅವಳನ್ನು ಹೊರಗಿನ ಪರೀಕ್ಷಾಲಯಕ್ಕೆ ನಾನೇ ಕರೆದುಕೊಂಡು ಹೋದೆ. ಸದ್ಯಕ್ಕೆ ಏನೂ ಇಲ್ಲ, ಕೆಲವು ತಿಂಗಳ ಬಳಿಕ ಇನ್ನೊಮ್ಮೆ ನೋಡಬೇಕು ಎಂದರು.

ಅದಾದ ಮೇಲೆ ನಿಮಗೆ ದೂರು ಬರೆದೆ. ಅವಳ ಹೆಸರು ಬರೆಯಲಿಲ್ಲ, ನನ್ನದನ್ನು ಬರೆದೆ. ದೂರುದಾರರ ಹೆಸರನ್ನು ಗೌಪ್ಯವಾಗಿಡಲಾಗುವುದು ಎಂದು ಗೋಡೆಯ ಮೇಲೆ ಓದಿದ್ದೆನಲ್ಲ! ನೀವು ಅದನ್ನು ಎಷ್ಟು ಗೌಪ್ಯವಾಗಿಟ್ಟಿರೆಂದರೆ, ನನ್ನ ದೂರಿನ ಒಂದು ಪ್ರತಿಯನ್ನು ‘ಮಾಹಿತಿಗಾಗಿ’ ಎಂದು ನಮ್ಮ ಮ್ಯಾನೇಜರಿಗೆ ಕಳಿಸಿದಿರಿ. ಅವರು ನನ್ನನ್ನು ಕರೆದು, ನನ್ನ ಅಕ್ಷರವನ್ನೇ ನನಗೆ ತೋರಿಸಿ, ‘ಕೈಬರಹ ಚೆನ್ನಾಗಿದೆ’ ಎಂದರು. ಆಮೇಲೆ, ‘ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ, ಯೋಚನೆ ಮಾಡಿ’ ಎಂದರು. ಬೈಯಲಿಲ್ಲ. ಕುರ್ಚಿ ತೋರಿಸಿ ಕೂರಿಸಿಯೇ ಮಾತಾಡಿದರು.

ಮರುದಿನದಿಂದ ನನ್ನ ಎದುರು ಯಾರು ನಿಂತರೋ ಅವರನ್ನು ಅದರ ಮರುದಿನ ಕೊಳೆ ಬಟ್ಟೆಯ ಕೋಣೆಗೆ ಹಾಕತೊಡಗಿದರು. ಗುಬ್ಬಿಯನ್ನು ಮೊದಲ ದಿನವೇ ಬೇರೆ ಪಾಳಿಗೆ ಕಳಿಸಿದ್ದರು. ಒಬ್ಬಾಕೆ ನಿಂತರು, ಅವರು ಕೊಳೆ ಕೋಣೆಗೆ. ಇನ್ನೊಬ್ಬ ನಿಂತ, ಅವನೂ ಹೋದ. ಗಡಿಯಾರದವರು ನಿಂತರು. ಅವರಿಗೆ ಸೊಂಟನೋವು. ಅಲ್ಲಿ ಬಗ್ಗಿ ಬಗ್ಗಿ ಒದ್ದೆ ಗಂಟು ಎತ್ತಬೇಕು. ವಾರದ ಬಳಿಕ ಅವರು ನೀರಿನ ನಲ್ಲಿಯ ಹತ್ತಿರ ಸಿಕ್ಕಿ, ‘ಬೇಜಾರ್ ಮಾಡ್ಕೋಬೇಡ ಕಣಯ್ಯಾ. ನಾನು ಬರ್ತೀನಿ ಅಂದ್ರೂ ನನ್ನ ಸೊಂಟ ಮೇಸ್ತ್ರಿ ಕಡೆ ಸೇರ್ಕೊಂಡ್ಬಿಟ್ಟಿದೆ’ ಎಂದರು. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವರು ನನ್ನ ಮುಖ ನೋಡಲಿಲ್ಲ, ನಾನೂ ಅವರದನ್ನು ನೋಡಲಿಲ್ಲ.

ಆಮೇಲೆ ಯಾರೂ ಬರಲಿಲ್ಲ. ನಾನು ಶೀಟು ಎತ್ತಿದರೆ ಹತ್ತಿರ ಇದ್ದವರು ಚಪ್ಪಲಿ ಸರಿಮಾಡಿಕೊಳ್ಳುತ್ತಾರೆ, ನೀರು ಕುಡಿಯಲು ಹೋಗುತ್ತಾರೆ. ನನಗೆ ಅವರ ಮೇಲೆ ಕೋಪ ಬರುವುದಿಲ್ಲ, ನಾಚಿಕೆಯಾಗುತ್ತದೆ. ಕೈ ಮೇಲೆತ್ತಿಕೊಂಡು, ಮುಖಕ್ಕೆ ಬಟ್ಟೆ ಅಡ್ಡ ಹಿಡಿದು ನಿಂತವನಿಗೆ ಎದುರಿಗೆ ಯಾರೂ ಇಲ್ಲವೆಂದು ಗೊತ್ತಾಗುವುದು ಬಟ್ಟೆ ಕೆಳಗಿಳಿಸಿದ ಮೇಲೆ. ದಿನಾ ಎಲ್ಲರ ಎದುರಿಗೆ ಅದು ನನಗೆ ಗೊತ್ತಾಗಬೇಕು. ಒಂದು ತುದಿಯನ್ನು ಗದ್ದದ ಕೆಳಗೆ ಒತ್ತಿ ಹಿಡಿದೆ. ಮೇಜಿನ ಮೊಳೆಗೆ ಸಿಕ್ಕಿಸಿ ನೋಡಿದೆ, ಹರಿಯಿತು. ನೆಲ ಮುಟ್ಟಿದ ಶೀಟುಗಳು ನನ್ನ ಹೆಸರಿಗೆ ಬಿದ್ದವು. ಕೆಲಸದಲ್ಲಿ ಗುಣಮಟ್ಟವಿಲ್ಲ, ವೇಗವಿಲ್ಲ ಎಂದು ನೋಟಿಸು ಬಂತು. ದೂರು ನಿಮ್ಮಲ್ಲಿ ಬಾಕಿ ಇರುವವರೆಗೆ ನನ್ನನ್ನು ಕೆಲಸದಿಂದ ತೆಗೆಯುವಂತಿಲ್ಲವಂತೆ. ನೀವು ಅದನ್ನು ಮುಚ್ಚಿದ ಕೂಡಲೇ ತೆಗೆಯಬಹುದು. ನಾಳೆ ಮುಚ್ಚಲಿರುವುದು ಅದನ್ನೇ.

ಅಂಥ ಒಂದು ದಿನ, ಹರಿದ ಶೀಟನ್ನು ಸುತ್ತಿಕೊಂಡು ನಿಂತಾಗ, ಸದ್ಯ, ಇದನ್ನು ನೋಡಲು ಅವಳಿಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ. ಮಾನ್ಯರೇ, ನನ್ನ ಹೆಂಡತಿಯ ಸಾವಿನಿಂದ ನನಗೆ ಒಳ್ಳೆಯದಾಯಿತು ಎಂದು ನಾನು ಅಂದುಕೊಂಡೆ. ಸಂಬಳ ಕಡಿತ, ವರ್ಗಾವಣೆ, ವಜಾ ಎಂದು ನಿಮ್ಮ ಕಾನೂನಿನಲ್ಲಿ ಸೇಡಿನ ಪಟ್ಟಿ ಇದೆಯಲ್ಲ, ಇದು ಅದರಲ್ಲಿ ಎಲ್ಲಿ ಬರುತ್ತದೆ?

ಜೋಡಿ ತಪ್ಪಿಸುತ್ತಿರುವುದನ್ನೂ ನಿಮಗೆ ಬರೆದು ತಿಳಿಸಿದ್ದೆ. ಹೋದ ತಿಂಗಳು ನೀವು ನನ್ನನ್ನು ವಿಚಾರಣೆಗೆ ಕರೆದಿರಿ. ಅಲ್ಲಿ ನಡೆದದ್ದು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ.

‘ಸಂಬಳ ಕಡಿಮೆ ಮಾಡಿದ್ರಾ?’ ಎಂದು ಕೇಳಿದಿರಿ.

‘ಇಲ್ಲ ಸಾರ್.’

‘ಕೆಲಸದಿಂದ ತೆಗೆದ್ರಾ?’

‘ಇಲ್ಲ ಸಾರ್.’

‘ಬೈದ್ರಾ? ಕೈ ಮಾಡಿದ್ರಾ?’

‘ಇಲ್ಲ ಸಾರ್. ಜೋಡಿ ನಿಲ್ಲೋಕೆ ಯಾರನ್ನೂ ಬಿಡ್ತಿಲ್ಲ.’

‘ನಾನೇನ್ರೀ, ಮದುವೆ ಬ್ರೋಕರಾ? ನಿಮಗೆ ಜೋಡಿ ಹುಡುಕಿ ಕೊಡೋಕೆ?’

ನಿಮ್ಮ ಗುಮಾಸ್ತರು ನಕ್ಕರು. ಮ್ಯಾನೇಜರು ಮರ್ಯಾದೆಗೆ ತಕ್ಕಷ್ಟು ನಕ್ಕರು. ನಾನೂ ನಕ್ಕೆ. ಸಾಹೇಬರು ನಕ್ಕಾಗ ನಗುವುದು ನನ್ನಂಥವರಿಗೆ ರೂಢಿಯಾಗಿಬಿಟ್ಟಿದೆ. ನಾನು ಹೆಂಡತಿ ಕಳೆದುಕೊಂಡವನೆಂದು ನಿಮಗೆ ಗೊತ್ತಿರಲಿಲ್ಲ. ಆದ್ದರಿಂದ ನಿಮ್ಮ ನಗುವಿಗೆ ಕ್ಷಮೆಯಿದೆ. ನನಗೆ ಗೊತ್ತಿತ್ತು. ನಾನೇಕೆ ನಕ್ಕೆ?

ಮ್ಯಾನೇಜರು ಹೇಳಿದರು, ‘ನಾವು ಯಾವ ಆದೇಶವನ್ನೂ ಹೊರಡಿಸಿಲ್ಲ. ಯಾರ ಜೊತೆ ಯಾರು ಕೆಲಸ ಮಾಡ್ಬೇಕು ಅನ್ನೋದು ಅವರವರ ಇಷ್ಟ. ಮೊದಲಿಂದ ಅದೇ ಪದ್ಧತಿ.’ ಅದು ನೂರಕ್ಕೆ ನೂರು ನಿಜ. ನಮ್ಮ ಪದ್ಧತಿಯನ್ನೇ ಅವರು ನಮಗೆ ತಿರುಗಿಸಿದ್ದಾರೆ. ಎಲ್ಲೂ ಸಹಿ ಇಲ್ಲ, ಆದೇಶ ಇಲ್ಲ, ಗದರಿದ ಸದ್ದಿಲ್ಲ. ನೀವು ತಲೆಯಾಡಿಸಿದಿರಿ. ‘ಆದೇಶವೇ ಇಲ್ಲ ಅಂದ್ಮೇಲೆ ಸಾಕ್ಷಿಯಾದರೂ ಬೇಕಲ್ವೇನ್ರೀ’ ಎಂದಿರಿ. ಯಾರು ಯಾವ ದಿನ ನನ್ನ ಎದುರು ನಿಂತರು, ಮರುದಿನ ಅವರನ್ನು ಎಲ್ಲಿಗೆ ಹಾಕಿದರು ಎಂದು ಮ್ಯಾನೇಜರನ್ನು ಕೇಳಲು ನಿಮಗೆ ಎಷ್ಟು ಹೊತ್ತು ಬೇಕಿತ್ತು? ಅವರು ಕುರ್ಚಿಯಲ್ಲಿ ನಿಮ್ಮ ಕೈಯಳತೆಯಲ್ಲೇ ಇದ್ದರು.

ಹೀಗಾಗಿ ಇವತ್ತು ಗುಬ್ಬಿಯ ಮನೆಗೆ ಹೋದೆ. ಬೇರೆಯವರನ್ನು ಕೇಳುವ ಮುಖ ನನಗಿರಲಿಲ್ಲ. ನನ್ನ ಎದುರು ನಿಂತದ್ದಕ್ಕೇ ಅವರು ದಂಡ ತೆತ್ತಾಗಿತ್ತು. ಮೂರನೆಯ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ. ಬಾಗಿಲು ತೆಗೆದದ್ದು ಅವಳ ಅತ್ತೆ. ನಾನು ಯಾರೆಂದು ಹೇಳಿದ್ದೇ ತಡ, ಮುಖ ಅರಳಿತು.

‘ಬನ್ನಿ ಬನ್ನಿ. ಲಾಂಡ್ರಿ ಅಣ್ಣ ಅಂದ್ರೆ ನೀವೇನಾ? ನಮ್ಮ ಸೊಸೆ ಬಾಯಲ್ಲಿ ದಿನಾ ನಿಮ್ಮದೇ ಮಾತು. ಕೆಲಸ ಖಾಯಂ ಆಯ್ತಾ? ಅದನ್ನೇ ಹೇಳೋಕೆ ಬಂದ್ರಾ?’

ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವರು ಮೇಲಿನ ಗೂಡಿನಿಂದ ಹೊಸ ಕಪ್ಪು ಇಳಿಸಿ ಟೀ ಇಟ್ಟರು. ಸಕ್ಕರೆ ಧಾರಾಳವಾಗಿ ಹಾಕಿದ್ದರು. ಗುಬ್ಬಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಳಗಿನಿಂದ ಬಂದಳು. ನನ್ನನ್ನು ನೋಡಿದ್ದೇ ಅತ್ತೆಯ ಬೆನ್ನ ಹಿಂದಿನಿಂದ ತುಟಿಯ ಮೇಲೆ ಬೆರಳಿಟ್ಟಳು. ಟೀ ಕುಡಿದು, ಮಗುವಿನ ಕೆನ್ನೆ ಮುಟ್ಟಿ, ಬಸ್ಸಿನವರೆಗೆ ದಾರಿ ತೋರಿಸಮ್ಮ ಎಂದೆ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಅವಳು ನನ್ನ ಜೊತೆ ಮೆಟ್ಟಿಲಿಗೆ ಬಂದಳು.

‘ಅಣ್ಣ, ಸೂಜಿ ವಿಷಯ ಮನೇಲಿ ಹೇಳಿಲ್ಲ’ ಎಂದಳು, ಪಿಸುಮಾತಿನಲ್ಲಿ.

‘ಇಷ್ಟು ದಿನ ಆದ್ರೂ?’

‘ಹೇಳಿದ್ರೆ ಮಗೂನ ಎತ್ಕೊಳ್ಳೋಕೆ ಬಿಡ್ತಾರಾ? ಎರಡನೇ ಪರೀಕ್ಷೆ ಆಗಲಿ, ಏನೂ ಇಲ್ಲ ಅಂತ ಬರಲಿ. ಆಮೇಲೆ ಹೇಳ್ತೀನಿ. ಅಲ್ಲೀವರೆಗೆ ತಟ್ಟೆ ಲೋಟ ಎಲ್ಲ ನನ್ನದು ನಾನೇ ಬೇರೆ ತೊಳ್ಕೋತೀನಿ. ಅತ್ತೆ ಅಂತಾರೆ, ಲಾಂಡ್ರಿ ಸೇರಿ ಇವಳಿಗೆ ತೊಳೆಯೋ ಹುಚ್ಚು ಹಿಡೀತು ಅಂತ.’ ಹೇಳುತ್ತಲೇ ನಕ್ಕಳು.

ಅಲ್ಲಿಗೆ ನಾನು ಮೆಟ್ಟಿಲಿಳಿದು ಬರಬೇಕಿತ್ತು. ಬರಲಿಲ್ಲ. ನನ್ನ ಕೆಲಸ ಹೋಗುತ್ತದೆಂಬ ಭಯ ನನ್ನನ್ನು ಅಲ್ಲೇ ನಿಲ್ಲಿಸಿತು. ನಾಳೆಯ ವಿಚಾರಣೆಯ ಸಂಗತಿ ಹೇಳಿದೆ. ನೀನು ಬಂದು ನಡೆದದ್ದನ್ನು ಹೇಳಿದರೆ ಸಾಕು ಎಂದೆ. ಅವಳು ಮೆಟ್ಟಿಲಿನ ಕಂಬಿಯ ಮೇಲೆ ಉಗುರಿನಿಂದ ಗೀಚುತ್ತಾ ನಿಂತಳು. ನಾನು ಬಿಡಲಿಲ್ಲ.

‘ನಿನಗೋಸ್ಕರ ತಾನೇ ನಾನು ದೂರು ಕೊಟ್ಟಿದ್ದು?’ ಎಂದೆ.

ಅವಳು ಗೀಚುತ್ತಲೇ ಇದ್ದಳು.

‘ನೋಡಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಯೋಚನೆ ಮಾಡು’ ಎಂದೆ.

ಅವಳ ಉಗುರು ನಿಂತಿತು. ಕೈ ಕಟ್ಟಿಕೊಂಡು, ತಲೆ ತಗ್ಗಿಸಿ, ‘ಆಯ್ತು ಸಾರ್, ಬರ್ತೀನಿ’ ಎಂದಳು.

ಮಾನ್ಯರೇ, ಕೆಲಸಕ್ಕೆ ಸೇರಿದ ದಿನದಿಂದ ನನ್ನನ್ನು ಅಣ್ಣ ಎಂದವಳು ಅವಳು. ಸಾರ್ ಎನ್ನುವುದು ಮೇಸ್ತ್ರಿಗೆ, ಮ್ಯಾನೇಜರಿಗೆ. ಬೇಕೆಂದು ಅಂದದ್ದಲ್ಲ, ಬಾಯಿಗೆ ತಾನಾಗಿ ಬಂತು. ಹೆದರಿಸುವವರ ಎದುರು ನಿಂತಾಗ ಅವಳ ಬಾಯಿಗೆ ಬರುವ ಮಾತು ಅದು. ಮ್ಯಾನೇಜರು ನನಗೆ ಹೇಳಿದ ಮಾತನ್ನೇ, ಅದೇ ದನಿಯಲ್ಲಿ, ನನ್ನನ್ನು ನಂಬಿದ ಹುಡುಗಿಗೆ ನಾನು ಹೇಳಿದ್ದೆ. ಅವರಾದರೂ ನನಗೆ ಕುರ್ಚಿ ಕೊಟ್ಟಿದ್ದರು. ನನಗೆ ನಿಂತ ನೆಲ ಬಾಯಿ ತೆರೆಯಬಾರದೇ ಎನ್ನಿಸಿತು.

‘ಬರಬೇಡಮ್ಮ’ ಎಂದೆ. ‘ನಾನು ಅಂದದ್ದನ್ನ ಮರೆತುಬಿಡು. ನಾನೊಬ್ಬನೇ ಹೋಗ್ತೀನಿ. ಇದನ್ನೆಲ್ಲ ಸಾಹೇಬರಿಗೆ ಬರೀತೀನಿ, ಪತ್ರಿಕೆಗೂ ಕೊಡ್ತೀನಿ. ನಿನ್ನ ವಿಷಯ ಬರೀಬಹುದಾ?’

ಅವಳು ಮೇಲೆ ಮನೆಯ ಬಾಗಿಲ ಕಡೆ ನೋಡಿದಳು. ‘ಬರೀರಿ ಅಣ್ಣ’ ಎಂದಳು. ‘ಹೆಸರು ಹಾಕ್ಬೇಡಿ. ಮನೆ ಗುರುತು ಬದಲಿಸಿಬಿಡಿ.’ ಬದಲಿಸಿದ್ದೇನೆ.

ಈಗ ಹೇಳಿ, ನಿಮ್ಮ ಕಾನೂನು ಇವತ್ತು ಯಾರನ್ನು ಕಾಯಿತು? ದೂರು ಕೊಟ್ಟವನನ್ನು ಕಾಯುತ್ತೇನೆಂದು ಹೊರಟು, ಅವನ ಕೈಯಿಂದಲೇ ಇನ್ನೊಬ್ಬಳ ಕುತ್ತಿಗೆ ಹಿಡಿಸಿತು. ಮಾಲೀಕರ ಬಳಿ ಆಳುಗಳಿದ್ದಾರೆ, ಪಾಳಿಯ ಪಟ್ಟಿಯಿದೆ, ವಕೀಲರಿದ್ದಾರೆ. ನನ್ನ ಬಳಿ ಇರುವುದು ನನ್ನ ಜೊತೆ ಕೆಲಸ ಮಾಡುವವರ ಪ್ರೀತಿ ಒಂದೇ. ಅದನ್ನು ತಂದು ಮೇಜಿನ ಮೇಲಿಡು, ಎಷ್ಟಿದೆ ನೋಡೋಣ ಎನ್ನುತ್ತೀರಿ. ತರಲು ಹೋದವನಿಗೆ ಇದ್ದದ್ದೂ ಉಳಿಯುವುದಿಲ್ಲ. ಸೇಡು ಅಂದರೆ ಯಾರೋ ಸಿಟ್ಟಿನಲ್ಲಿ ಕಿರುಚುವುದು, ಕಾಗದ ಹರಿದು ಮುಖಕ್ಕೆ ಎಸೆಯುವುದು ಎಂದು ನೀವು ತಿಳಿದಂತಿದೆ. ತಿಳಿದವರು ಹಾಗೆ ಮಾಡುವುದಿಲ್ಲ. ಒಬ್ಬನ ಸುತ್ತ ಇರುವವರನ್ನು ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಸರಿಸುತ್ತಾರೆ. ಆಮೇಲೆ ಅವನ ಕೆಲಸ ತಾನಾಗಿ ಕೆಡುತ್ತದೆ. ಕೆಟ್ಟ ಕೆಲಸಕ್ಕೆ ನೋಟಿಸು ಕೊಡುವುದು ಕಾನೂನುಬದ್ಧ.

ನಾನು ಕೇಳುವುದು ದೊಡ್ಡದೇನಲ್ಲ. ದೂರು ಕೊಟ್ಟ ಮೇಲೆ ದೂರುದಾರನಿಗೂ ಅವನ ಜೊತೆ ನಿಂತವರಿಗೂ ಕೆಲಸದಲ್ಲಿ ಏನೇ ಬದಲಾದರೂ, ಅದೇಕೆ ಬದಲಾಯಿತೆಂದು ಬದಲಾಯಿಸಿದವರು ಹೇಳಲಿ. ಸೇಡಲ್ಲ ಎಂದು ತೋರಿಸುವ ಹೊಣೆ ಅವರದಾಗಲಿ. ಪಾಳಿಯ ಪಟ್ಟಿ ಅವರ ಕಪಾಟಿನಲ್ಲಿದೆ, ತರಿಸಿಕೊಳ್ಳಿ. ಮ್ಯಾನೇಜರ ಕೈಯಲ್ಲಿ ಅನ್ನವಿರುವವರನ್ನು ಮ್ಯಾನೇಜರ ಎದುರೇ ನಿಲ್ಲಿಸಿ ಸಾಕ್ಷಿ ಕೇಳಬೇಡಿ. ಸಾಕ್ಷಿ ಬೇಕೇ ಬೇಕೆಂದರೆ ನೀವೇ ಒಂದು ಪಾಳಿ ನಮ್ಮ ಮೇಜಿನ ಹತ್ತಿರ ಬಂದು ನಿಲ್ಲಿ. ಹೇಳಿ ಕಳಿಸಿ ಬರಬೇಡಿ, ಅವತ್ತು ಎಲ್ಲರಿಗೂ ಜೋಡಿ ಸಿಕ್ಕಿಬಿಡುತ್ತದೆ. ಮತ್ತೆ ಆ ಗೋಡೆಯ ಮೇಲಿನ ಗೌಪ್ಯದ ಸಾಲು: ಅದನ್ನು ಪಾಲಿಸಿ, ಇಲ್ಲವೇ ಸುಣ್ಣ ಬಳಿದು ಅಳಿಸಿ. ನನ್ನ ಹಾಗೆ ಅದನ್ನು ನಂಬಿ ಇನ್ನೊಬ್ಬರು ಬರುವ ಮೊದಲು.

ಇದರ ಒಂದು ಪ್ರತಿಯನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ನೀವು ನನ್ನ ದೂರನ್ನು ಮ್ಯಾನೇಜರಿಗೆ ಕಳಿಸಿದಿರಲ್ಲ, ಹಾಗೆಯೇ ಇದೂ ಮಾಹಿತಿಗಾಗಿ.

ವಿಶ್ವಾಸಿ ಎಂದು ಬರೆದು ಸಹಿ ಹಾಕುವುದು ವಾಡಿಕೆ. ಅಷ್ಟು ವಿಶ್ವಾಸ ಇನ್ನೂ ಉಳಿದಿದೆಯೋ ಇಲ್ಲವೋ ನನಗೇ ತಿಳಿಯದು. ನಾಳೆ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಕಚೇರಿಗೆ ಬರುತ್ತೇನೆ. ಜೊತೆಗೆ ಯಾರೂ ಇರುವುದಿಲ್ಲ. ಅರ್ಧ ದಿನದ ರಜೆ ಬರೆದುಕೊಟ್ಟಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಕೆಲಸಕ್ಕೆ ಹೋಗಬೇಕು.

ಇಂತಿ,
ನಾಚಿಕೆಯಿಂದ ತಲೆ ಎತ್ತಲಾರದೆ ಬರೆದ,
ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಮಡಿಸುವವನು